ಹಳೇ ಪಿಸಿಲಿ ಗೇಮ್, ಎಮ್ಯುಲೇಟರ್ ಓಡ್ಸೋಕೆ ಏನು ಹಾಕ್ಬೇಕು, ಏನು ಬೇಡ

ಹತ್ತು ವರ್ಷ ದಾಟಿರೋ ಡೆಸ್ಕ್‌ಟಾಪ್ ಒಂದಿದೆ, ಆನ್ ಆಗುತ್ತೆ, ಆದ್ರೆ ಬ್ರೌಸರ್ ತೆಗೆಯೋಕೇ ಒದ್ದಾಡುತ್ತೆ, ಇದ್ರಲ್ಲಿ ಗೇಮ್ ಆಡ್ಬೋದಾ, ಹಳೇ ಪ್ಲೇಸ್ಟೇಷನ್, ನಿಂಟೆಂಡೋ ಗೇಮ್‌ಗಳನ್ನ ಎಮ್ಯುಲೇಟರಲ್ಲಿ, ಅಂದ್ರೆ ಪಿಸಿನ ಆ ಕನ್ಸೋಲ್ ಥರ ನಡ್ಕೊಳ್ಳಂಗೆ ಮಾಡೋ ಸಾಫ್ಟ್‌ವೇರಲ್ಲಿ, ಓಡಿಸ್ಬೋದಾ ಅಂದ್ರೆ ಬಹಳ ಸಲ ಆಗುತ್ತೆ ಅನ್ನೋದೇ ಉತ್ತರ. ತೊಂದ್ರೆ ಏನಂದ್ರೆ ಎಲ್ರೂ ಮೊದ್ಲು ಹೋಗಿ ಗ್ರಾಫಿಕ್ಸ್ ಕಾರ್ಡ್ ತಂದ್ಬಿಡ್ತಾರೆ, ಕಾರ್ಡ್ ಹಾಕಿದ್ಮೇಲೂ ಪಿಎಸ್2 (ಪ್ಲೇಸ್ಟೇಷನ್ 2) ಗೇಮ್ ಮುಂಚೆ ಎಷ್ಟು ಎಳೀತಿತ್ತೋ ಅಷ್ಟೇ ಎಳೀತಿರುತ್ತೆ, ಯಾಕಂದ್ರೆ ಅಲ್ಲಿ ಸುಸ್ತಾಗಿರೋದು ಪ್ರೊಸೆಸರ್, ಕಾರ್ಡ್ ಪಾಪ ಸುಮ್ನೆ ಕೂತಿರುತ್ತೆ. ಪಿಸಿ ಗೇಮ್ ಕೇಳೋದೇ ಬೇರೆ, ಎಮ್ಯುಲೇಟರ್ ಕೇಳೋದೇ ಬೇರೆ. ಹಾಗಾಗಿ ದುಡ್ಡು ಬಿಚ್ಚೋ ಮುಂಚೆ ಮಿಷಿನ್ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ನೋಡ್ಕೊಳ್ಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಒಳಗೆ ಏನಿದೆ ಅಂತ ನೋಡೋಕೆ ಸಿಪಿಯು-ಜೆಡ್ ಅನ್ನೋ ಫ್ರೀ ಸಾಫ್ಟ್‌ವೇರ್ ಸಾಕು. ಪ್ರೊಸೆಸರ್ ಹೆಸ್ರು, ಸಾಕೆಟ್, ಮದರ್‌ಬೋರ್ಡ್ ಮಾಡೆಲ್, ರ‍್ಯಾಮ್ ಸಿಂಗಲ್ ಚಾನೆಲ್ಲಾ ಡ್ಯುಯಲ್ ಚಾನೆಲ್ಲಾ, ಎಲ್ಲಾ ಬರ್ಕೊಳ್ಳಿ. ಇಂಟೆಲ್ ಆದ್ರೆ ಐ5-3470 ಅಂತಿದ್ರೆ ಆ 3 ಅನ್ನೋದು ಮೂರನೇ ಜನರೇಶನ್, ಐ7-4770 ಅಂದ್ರೆ ನಾಲ್ಕನೇದು. ಅದೇ ಸಿಪಿಯು-ಜೆಡ್ ಪರದೇಲಿ ಇನ್‌ಸ್ಟ್ರಕ್ಷನ್ಸ್ ಅಂತ ಒಂದು ಸಾಲಿರುತ್ತೆ, ಪ್ರೊಸೆಸರ್‌ಗೆ ಯಾವ್ಯಾವ ವಿಶೇಷ ಸೂಚನೆಗಳು ಅರ್ಥ ಆಗ್ತವೆ ಅನ್ನೋ ಪಟ್ಟಿ, ಅದನ್ನ ಯಾರೂ ನೋಡಲ್ಲ, ಆದ್ರೆ ಎಮ್ಯುಲೇಶನ್‌ಗೆ ಅದೇ ಮುಖ್ಯ. ಎಸ್‌ಎಸ್‌ಇ4.1 ಇಲ್ದೇ ಇದ್ರೆ ಈಗಿನ ಪಿಸಿಎಸ್‌ಎಕ್ಸ್2, ಅಂದ್ರೆ ಪಿಎಸ್2 ಎಮ್ಯುಲೇಟರ್, ಓಪನ್ನೇ ಆಗಲ್ಲ. ಕೋರ್ 2 ಡ್ಯುಯೋದಲ್ಲಿ ಇ6000 ಸೀರೀಸ್‌ನವಕ್ಕೆ ಅದಿಲ್ಲ, ಇ8000 ಸೀರೀಸ್‌ಗೆ ಇದೆ. 

ಅಂದಾಜಿಗೆ ಹೇಳೋದಾದ್ರೆ, ಕೋರ್ 2 ಡ್ಯುಯೋ ಇದ್ರೆ ನಿಂಟೆಂಡೋದ ಹಳೇ ಎನ್‌ಇಎಸ್, ಎಸ್‌ಎನ್‌ಇಎಸ್, ಸೆಗಾ ಮೆಗಾಡ್ರೈವ್, ಪಿಎಸ್1 ಇಷ್ಟಕ್ಕೆ ತೃಪ್ತಿ ಪಟ್ಕೊಳ್ಳಿ, ಅದರ ಮೇಲೆ ದುಡ್ಡು ಹಾಕ್ಬೇಡಿ, ಅದು ನನ್ನ ಖಡಾಖಂಡಿತ ಅಭಿಪ್ರಾಯ. ಎರಡನೇ, ಮೂರನೇ ಜನರೇಶನ್ ಐ5 ಇದ್ರೆ ಪಿಎಸ್‌ಪಿ (ಕೈಯಲ್ಲಿ ಹಿಡಿದು ಆಡೋ ಪ್ಲೇಸ್ಟೇಷನ್), ನಿಂಟೆಂಡೋ ಗೇಮ್‌ಕ್ಯೂಬ್, ಪಿಎಸ್2ನಲ್ಲಿ ಬಹಳಷ್ಟು ಆಡ್ಬೋದು. ನಾಲ್ಕನೇದ್ರ ಮೇಲೆ ಹೋದ್ರೆ ಪಿಎಸ್2, ನಿಂಟೆಂಡೋ ವೀ (Wii) ಆರಾಮಾಗಿ ಓಡ್ತವೆ. ಪಿಎಸ್3 ಮಾತ್ರ ಬೇರೆ ಲೋಕ. ಅದ್ರ ಸೆಲ್ ಪ್ರೊಸೆಸರಲ್ಲಿ ಒಂದು ಮುಖ್ಯ ಕೋರ್ ಜೊತೆ ಗೇಮ್‌ಗಳಿಗೆ ಸಿಗೋ ಆರು ಎಸ್‌ಪಿಯು, ಅಂದ್ರೆ ಸಹಾಯಕ ಕೋರ್‌ಗಳು, ಇದ್ವು, ಎಲ್ಲಾ 3.2 ಗಿಗಾಹರ್ಟ್ಸ್, ಅದನ್ನೆಲ್ಲಾ ನಾಲ್ಕು ಕೋರ್ ಹಳೇ ಐ5 ತಲೆ ಮೇಲೆ ಹೊರ್ಸಿದ್ರೆ ಚಿಕ್ಕ ಪುಟ್ಟ 2ಡಿ ಗೇಮ್ ಬಿಟ್ಟು ಬೇರೇನೂ ನೆಟ್ಟಗೆ ಓಡಲ್ಲ.

ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಕಂಡುಹಿಡಿಯೋದು

ಟಾಸ್ಕ್ ಮ್ಯಾನೇಜರ್ ತೆಗ್ದು "ಸಿಪಿಯು ಬರೀ 30 ಪರ್ಸೆಂಟ್ ಇದೆ, ಹಾಗಾದ್ರೆ ಪ್ರೊಸೆಸರ್ ಚೆನ್ನಾಗೇ ಇದೆ" ಅಂತ ಅಂದ್ಕೊಳ್ಳೋದು ಇಲ್ಲಿ ತುಂಬಾ ಸಾಮಾನ್ಯ. ನಾಲ್ಕು ಕೋರ್ ಇರೋ ಪ್ರೊಸೆಸರಲ್ಲಿ ಒಂದೇ ಒಂದು ಥ್ರೆಡ್, ಅಂದ್ರೆ ಒಂದಾದ್ಮೇಲೆ ಒಂದು ನಡೆಯೋ ಕೆಲಸದ ಸಾಲು, ಪ್ರಾಣ ಬಿಟ್ಕೊಂಡು ಓಡ್ತಿದ್ರೂ ಒಟ್ಟು ಲೆಕ್ಕದಲ್ಲಿ ಅದು ಬರೀ 25 ಪರ್ಸೆಂಟ್. ಮೇಲಾಗಿ ವಿಂಡೋಸ್ ಆ ಥ್ರೆಡ್‌ನ ಒಂದು ಕೋರ್‌ನಿಂದ ಇನ್ನೊಂದಕ್ಕೆ ಓಡಾಡಿಸ್ತಾ ಇರುತ್ತೆ, ಹಾಗಾಗಿ ಕೋರ್ ಕೋರ್ ಗ್ರಾಫ್ ತೆಗ್ದು ನೋಡಿದ್ರೂ ಯಾವ್ದೂ 100 ಮುಟ್ಟಿರಲ್ಲ. ಎಮ್ಯುಲೇಟರ್‌ಗಳಿಗೆ ಬೇಕಾಗಿರೋದು ಈ ಒಂದೇ ಥ್ರೆಡ್‌ನ ವೇಗ. ಪಿಎಸ್2ನ ಮುಖ್ಯ ಪ್ರೊಸೆಸರ್ ಎಮೋಶನ್ ಎಂಜಿನ್ 300 ಮೆಗಾಹರ್ಟ್ಸ್‌ಗೂ ಚೂರು ಕಮ್ಮಿ, ಕೇಳೋಕೆ ಏನೂ ಅಲ್ಲ, ಆದ್ರೆ ಅದ್ರ ಜೊತೆ ಎರಡು ವೆಕ್ಟರ್ ಯೂನಿಟ್, ಗ್ರಾಫಿಕ್ಸ್ ಚಿಪ್, ಇನ್‌ಪುಟ್ ಔಟ್‌ಪುಟ್‌ಗೆ ಬೇರೆ ಪ್ರೊಸೆಸರ್, ಇವೆಲ್ಲಾ ಒಂದರ ಜೊತೆ ಒಂದು ಸರಿಯಾದ ಹೊತ್ತಿಗೆ ಮಾತಾಡ್ಬೇಕು, ಎಲ್ಲಾ ಸೂಚನೆಗಳನ್ನೂ ನಿಮ್ಮ ಪಿಸಿಗೆ ಅರ್ಥ ಆಗೋ ಥರ ಬದಲಾಯಿಸ್ಕೊಂಡು ಓಡಿಸ್ಬೇಕು, ಹಾಗಾಗಿ ಕೆಲಸಾನ ಎಂಟು ಹತ್ತು ಕೋರ್‌ಗೆ ಹಂಚೋಕೆ ಬರಲ್ಲ.

ಪಿಸಿಎಸ್‌ಎಕ್ಸ್2 ಸೆಟ್ಟಿಂಗ್ಸಲ್ಲಿ ಆನ್-ಸ್ಕ್ರೀನ್ ಡಿಸ್‌ಪ್ಲೇ ಅಂತಿದೆ, ಅದ್ರಲ್ಲಿ ಸ್ಪೀಡ್, ಸಿಪಿಯು (ಪ್ರೊಸೆಸರ್), ಜಿಪಿಯು (ಗ್ರಾಫಿಕ್ಸ್ ಚಿಪ್) ಎಲ್ಲಾ ಟಿಕ್ ಮಾಡಿ ಗೇಮ್ ಶುರು ಮಾಡಿ, ಎಳೆಯೋ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ. ಮೂಲೇಲಿ ಇಇ (ಎಮೋಶನ್ ಎಂಜಿನ್), ಜಿಎಸ್ (ಗ್ರಾಫಿಕ್ಸ್ ಚಿಪ್ಪಿನ ಕೆಲಸ), ವಿಯು (ವೆಕ್ಟರ್ ಯೂನಿಟ್) ಅಂತ ಬೇರೆ ಬೇರೆ ಪರ್ಸೆಂಟ್ ಬರುತ್ತೆ. ಸ್ಪೀಡ್ 80ಕ್ಕೆ ಇಳಿದಾಗ ಇಇ 98, 99 ಅಂತ ತೋರಿಸ್ತಾ ಜಿಪಿಯು 35ರಲ್ಲಿ ಇದ್ರೆ ಪ್ರೊಸೆಸರ್ ಸಾಲ್ತಿಲ್ಲ ಅಂತ ಅರ್ಥ, ಎಷ್ಟು ದೊಡ್ಡ ಕಾರ್ಡ್ ಹಾಕಿದ್ರೂ ಒಂದು ಫ್ರೇಮೂ ಜಾಸ್ತಿ ಬರಲ್ಲ. ಉಲ್ಟಾ ಇದ್ರೆ, ಅಂದ್ರೆ ಜಿಪಿಯು 97, ಇಇ 40, ಆಗ ಕಾರ್ಡ್ ತಗೊಳ್ಳಿ ಅಥವಾ ದುಡ್ಡಿಲ್ದೇ ಇಂಟರ್ನಲ್ ರೆಸಲ್ಯೂಶನ್, ಅಂದ್ರೆ ಎಮ್ಯುಲೇಟರ್ ಚಿತ್ರ ಬಿಡಿಸೋ ಅಳತೆ, ಇಳಿಸಿ. ಬೇರೆ ಎಮ್ಯುಲೇಟರ್‌ಗಳಿಗೂ ಇದೇ ಪರೀಕ್ಷೆ ಮಾಡ್ಬೋದು: ರೆಸಲ್ಯೂಶನ್‌ನ ಒರಿಜಿನಲ್ ಲೆವೆಲ್‌ಗೆ ಇಳಿಸಿ, ವೇಗ ಏರಿದ್ರೆ ಗ್ರಾಫಿಕ್ಸ್ ಸಮಸ್ಯೆ, ಏರದೇ ಇದ್ರೆ ಪ್ರೊಸೆಸರ್ ಸಮಸ್ಯೆ. ಪಿಸಿ ಗೇಮಿಗೂ ಅಷ್ಟೇ, 720ಪಿಗೆ ಇಳಿಸಿದ್ರೂ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಅಲ್ಲೇ ನಿಂತಿದ್ರೆ ಕಾರ್ಡ್ ಮೇಲೆ ಸಿಟ್ಟಾಗ್ಬೇಡಿ.

ಮೊದ್ಲು ಧೂಳು ತೆಗೀರಿ

ಇದಕ್ಕೆ ಖರ್ಚಿಲ್ಲ ಅಂತಲೋ ಏನೋ ಯಾರೂ ಮಾಡಲ್ಲ. ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಗೇಮ್ ಆಡ್ತಾ ಪ್ರೊಸೆಸರ್ ಟೆಂಪರೇಚರ್ ನೋಡಿ. 95, 100 ಡಿಗ್ರಿ ಹತ್ರ ಹೋಗ್ತಿದ್ರೆ ಪ್ರೊಸೆಸರ್ ತಾನೇ ಸ್ಪೀಡ್ ಕಮ್ಮಿ ಮಾಡ್ಕೊಳ್ಳುತ್ತೆ, 3.6 ಗಿಗಾಹರ್ಟ್ಸ್‌ಗೆ ಹೋಗ್ಬೇಕಾಗಿರೋದು ಎಲ್ಲೋ ಕೆಳಗೆ ತೆವಳ್ತಿರುತ್ತೆ. ಪವರ್ ತೆಗ್ದು, ಕೇಸ್ ಬಿಚ್ಚಿ, ಫ್ಯಾನ್ ಕೆಳಗೆ ನೋಡಿದ್ರೆ ಹೀಟ್‌ಸಿಂಕ್ ಪಟ್ಟಿಗಳ ಮೇಲೆ ಧೂಳು ಕಂಬಳಿ ಹೊದ್ಸಿದಂಗೆ ಕೂತಿರುತ್ತೆ, ಮೇಲಿಂದ ಊದಿದ್ರೆ ಹೋಗಲ್ಲ, ಫ್ಯಾನ್ ಬಿಡಿಸಿ ಬ್ರಷ್‌ನಿಂದ ಎಬ್ಬಿಸ್ಬೇಕು. ಗಾಳಿ ಹೊಡೆಯೋವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಇಲ್ಲಾಂದ್ರೆ ಗಾಳಿಗೆ ಅದು ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತೆ.

ಥರ್ಮಲ್ ಪೇಸ್ಟ್ ಹತ್ತು ವರ್ಷಕ್ಕೆ ಸುಣ್ಣದ ಪುಡಿ ಆಗಿರುತ್ತೆ, ಬದಲಾಯಿಸಿ. ಬಿಚ್ಚೋ ಮುಂಚೆ ಕಂಪ್ಯೂಟರ್‌ನ ಒಂದು ಹತ್ತು ನಿಮಿಷ ಓಡಿಸಿ ಬಿಸಿ ಮಾಡ್ಕೊಂಡ್ರೆ ಪೇಸ್ಟ್ ಸಡ್ಲ ಆಗುತ್ತೆ. ಎಎಂಡಿ ಎಎಂ4 ಬೋರ್ಡ್ ಆದ್ರೆ ಕೂಲರ್‌ನ ಸೀದಾ ಮೇಲಕ್ಕೆ ಎಳೀಬೇಡಿ, ಆಚೆ ಈಚೆ ಮೆಲ್ಲಗೆ ತಿರುಗಿಸಿ ಬಿಡಿಸಿ, ಇಲ್ಲಾಂದ್ರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ಕೊಂಡು ಬಂದು ಅದ್ರ ಕಾಲುಗಳು ಬಾಗ್ತವೆ. ಇಂಟೆಲ್‌ನಲ್ಲಿ ಕಾಲುಗಳು ಇರೋದು ಬೋರ್ಡ್ ಸಾಕೆಟಲ್ಲಿ, ಅಲ್ಲಿ ಬೆರಳೂ ಬಟ್ಟೆನೂ ತಾಗಬಾರ್ದು. ಹಳೇ ಪೇಸ್ಟ್‌ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಹೊಸದು ಬಟಾಣಿ ಕಾಳಿನಷ್ಟು ಮಧ್ಯದಲ್ಲಿ ಇಟ್ಟು ಕೂಲರ್ ಕೂರಿಸಿ. ಇಂಟೆಲ್ ಸ್ಟಾಕ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್ ಬಹಳ ಕಿರಿಕಿರಿ, ಎದುರುಬದುರು ಎರಡೆರಡನ್ನ ಒತ್ತಿ, ನಾಲ್ಕೂ ಟಕ್ ಅಂತ ಕೂತಿದ್ಯಾ ಅಂತ ಬೋರ್ಡ್ ಹಿಂದ್ಗಡೆಯಿಂದ ನೋಡಿ, ಒಂದು ಪಿನ್ ಸಡ್ಲ ಇದ್ರೂ ಟೆಂಪರೇಚರ್ ಮತ್ತೆ ಹಳೇ ಜಾಗಕ್ಕೇ ಹೋಗುತ್ತೆ. ಹೆಂಗೂ ಕೇಸ್ ಬಿಚ್ಚಿದ್ದೀರಲ್ಲ, ಸಿಆರ್2032 ಬ್ಯಾಟರಿನೂ ಬದಲಾಯಿಸಿ, ಟೈಮ್ ತಪ್ಪು ತೋರಿಸೋದು, ಬಯೋಸ್ (ಬೋರ್ಡ್ ಒಳಗಿರೋ, ಪಿಸಿ ಆನ್ ಆಗ್ತಿದ್ದಂಗೇ ಓಡೋ ಸಾಫ್ಟ್‌ವೇರ್) ಸೆಟ್ಟಿಂಗ್ ಮರೆತು ಹೋಗೋದು ನಿಲ್ಲುತ್ತೆ.

ಎಸ್‌ಎಸ್‌ಡಿ, ರ‍್ಯಾಮ್

ಎಸ್‌ಎಸ್‌ಡಿ ಹಾಕಿದ್ರೆ ಎಫ್‌ಪಿಎಸ್ ಏರಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಏರೋದು ನಿಮ್ಮ ನೆಮ್ಮದಿ. ವಿಂಡೋಸ್ ಬೂಟ್ ಆಗೋದು, ಗೇಮ್ ಲೋಡ್ ಆಗೋದು, ದೊಡ್ಡ ಓಪನ್ ವರ್ಲ್ಡ್ ಗೇಮಲ್ಲಿ ಓಡಾಡ್ತಾ ಇರೋವಾಗ ಗಕ್ಕನೆ ನಿಲ್ಲೋದು, ಇವೆಲ್ಲಾ ಸುಧಾರಿಸ್ತವೆ. ಹಳೇ ಬೋರ್ಡಲ್ಲಿ ಸಾಟಾ 3 ಪೋರ್ಟ್ (ಡಿಸ್ಕ್ ಸಿಕ್ಕಿಸೋ ಜಾಗ) ಇದ್ರೆ ಸೆಕೆಂಡಿಗೆ 550 ಎಂಬಿ ಹತ್ರ ಬರುತ್ತೆ, ಸಾಟಾ 2 ಆದ್ರೆ ಅದ್ರ ಅರ್ಧ, ಆದ್ರೂ ಹಾರ್ಡ್ ಡಿಸ್ಕ್‌ಗೆ ಹೋಲಿಸಿದ್ರೆ ಎಷ್ಟೋ ಮೇಲು, ಯಾಕಂದ್ರೆ ಚಿಕ್ಕ ಚಿಕ್ಕ ಫೈಲ್ ಹುಡ್ಕೋದ್ರಲ್ಲೇ ಹಾರ್ಡ್ ಡಿಸ್ಕ್ ಸಾಯೋದು. ಬೋರ್ಡ್‌ನಲ್ಲಿ ಒಂದೆರಡು ಪೋರ್ಟ್ ಮಾತ್ರ ಸಾಟಾ 3 ಇರ್ಬೋದು, ಮ್ಯಾನ್ಯುಯಲ್ ನೋಡಿ ಅದಕ್ಕೇ ಸಿಕ್ಕಿಸಿ. ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತಿದ್ರೆ ಎಎಚ್‌ಸಿಐ ಮಾಡ್ಬೇಕು, ಅದನ್ನ ವಿಂಡೋಸ್ ಇನ್‌ಸ್ಟಾಲ್ ಮಾಡೋ ಮುಂಚೆ ಮಾಡಿ, ಆಮೇಲೆ ಮಾಡಿದ್ರೆ ಬ್ಲೂ ಸ್ಕ್ರೀನ್ ಬರೋ ಸಾಧ್ಯತೆ ಇದೆ. ಎನ್‌ವಿಎಂಇ ಅನ್ನೋ ಹೊಸ ಥರದ ಎಸ್‌ಎಸ್‌ಡಿನ ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಹಾಕಿ ಸೇರಿಸ್ಬೋದು ಅಂತ ವಿಡಿಯೋ ಎಲ್ಲಾ ಇವೆ, ಸೇರಿಸ್ಬೋದು ನಿಜ, ಆದ್ರೆ ಹಳೇ ಬಯೋಸ್ ಅದ್ರಿಂದ ಬೂಟ್ ಆಗಲ್ಲ, ಸುಮ್ನೆ ಸಾಟಾ ತಗೊಳ್ಳಿ.

ಚಿಕ್ಕ ಎಸ್‌ಎಸ್‌ಡಿನೇ ಸಾಕಾಗುತ್ತೆ, ಯಾಕಂದ್ರೆ ಹಳೇ ಕನ್ಸೋಲ್ ಗೇಮ್‌ಗಳನ್ನೆಲ್ಲಾ ಅದ್ರಲ್ಲಿ ಇಡೋ ಅಗತ್ಯಾನೇ ಇಲ್ಲ. ಪಿಎಸ್1 ಡ್ರೈವ್ ಓದ್ತಿದ್ದಿದ್ದು ಸೆಕೆಂಡಿಗೆ 300 ಕೆಬಿ, ಪಿಎಸ್2 ಡಿವಿಡಿ ಡ್ರೈವ್ 4ಎಕ್ಸ್ ಅಂದ್ರೆ ಸುಮಾರು 5 ಎಂಬಿ. ಆ ಕಾಲದ ಗೇಮ್‌ಗಳು ಆ ಸ್ಪೀಡ್ ನಂಬ್ಕೊಂಡೇ ಬರೆದಿದ್ದು, ಎಷ್ಟು ಮುದಿ ಹಾರ್ಡ್ ಡಿಸ್ಕ್ ಆದ್ರೂ ಅದಕ್ಕಿಂತ ಹತ್ತು ಪಟ್ಟು ಜೋರಾಗಿ ಓದುತ್ತೆ. ಹಾಗಾಗಿ ಓಎಸ್, ಎಮ್ಯುಲೇಟರ್, ಶೇಡರ್ ಕ್ಯಾಶ್ (ಗ್ರಾಫಿಕ್ಸ್‌ಗಾಗಿ ಕೂಡಿಟ್ಟ ಪ್ರೋಗ್ರಾಂ ತುಣುಕುಗಳು), ಪಿಸಿ ಗೇಮ್ ಎಸ್‌ಎಸ್‌ಡಿಲಿ, ರಾಮ್ (ROM) ಫೈಲ್‌ಗಳು, ಅಂದ್ರೆ ಹಳೇ ಕನ್ಸೋಲ್ ಗೇಮ್‌ಗಳ ಕಾಪಿ, ಎಲ್ಲಾ ಹಳೇ ಹಾರ್ಡ್ ಡಿಸ್ಕಲ್ಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಆ ಹಾರ್ಡ್ ಡಿಸ್ಕ್ ಆರೋಗ್ಯ ಮಾತ್ರ ನೋಡ್ಕೊಳ್ಳಿ, ಹಳದಿ ಬಣ್ಣದಲ್ಲಿ ಕಾಶನ್ ಅಂತ ಬಂದ್ರೆ ಅವತ್ತೇ ಬ್ಯಾಕಪ್ ತಗೊಳ್ಳಿ.

ರ‍್ಯಾಮ್ ವಿಷ್ಯದಲ್ಲಿ ಎಷ್ಟು ಜಿಬಿ ಅನ್ನೋದಕ್ಕಿಂತ ಜೋಡಿ ಇದ್ಯಾ ಅನ್ನೋದು ನೋಡಿ. ಡಿಡಿಆರ್3-1600 ಒಂದೇ ಕಡ್ಡಿ ಇದ್ರೆ ಸೆಕೆಂಡಿಗೆ 12.8 ಜಿಬಿ, ಎರಡು ಚಾನೆಲ್ ಆದ್ರೆ 25.6. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ದೇ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಲ್ಲೇ ಆಡೋರಿಗೆ ಇದು ತುಂಬಾ ದೊಡ್ಡ ವ್ಯತ್ಯಾಸ, ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇದನ್ನೇ ಹಂಚ್ಕೋಬೇಕು. ಎಮ್ಯುಲೇಶನ್‌ಗೆ ಎರಡು 4 ಜಿಬಿ ಸಾಕು, ಪಿಸಿ ಗೇಮ್ ಆಡೋದಾದ್ರೆ ಎರಡು 8 ಜಿಬಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಇಸಿಸಿ ರೆಜಿಸ್ಟರ್ಡ್ ಅಂತ ಬರೆದಿದ್ರೆ ಮುಟ್ಟಬೇಡಿ, ಅದು ಸರ್ವರ್‌ದು, ನಿಮ್ಮ ಬೋರ್ಡಲ್ಲಿ ಆನ್ ಆಗಲ್ಲ. ಹಾಕಿದ್ಮೇಲೆ ಮೆಮ್‌ಟೆಸ್ಟ್86 ರಾತ್ರಿ ಓಡಕ್ಕೆ ಬಿಟ್ಟು ಮಲ್ಕೊಳ್ಳಿ, ಒಂದು ಎರರ್ ಬಂದ್ರೂ ಆ ಕಡ್ಡಿ ವಾಪಸ್.

ಪವರ್ ಸಪ್ಲೈ ನೋಡ್ದೇ ಕಾರ್ಡ್ ತಗೋಬೇಡಿ

ಆಫೀಸ್‌ಗಳಿಂದ ಹೊರಗೆ ಬರೋ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳು, ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್ ಥರದವು, ಗೇಮಿಂಗ್‌ಗೆ ಮಾಡಿದ್ದಲ್ಲ. ಅದ್ರ ಪವರ್ ಸಪ್ಲೈ ಬಹಳ ಸಲ 240ರಿಂದ 300 ವ್ಯಾಟ್ ಒಳಗೇ ಇರುತ್ತೆ, ಕಾರ್ಡ್‌ಗೆ ಬೇಕಾದ ಆರು ಪಿನ್ ಕೇಬಲ್ ಇರಲ್ಲ. ಪಕ್ಕದಲ್ಲಿ ಅಂಟಿಸಿರೋ ಲೇಬಲ್ ಓದಿ, ಒಟ್ಟು ವ್ಯಾಟ್ ನೋಡಿ ಖುಷಿ ಪಡೋದಲ್ಲ, 12 ವೋಲ್ಟ್ ಸಾಲಲ್ಲಿ ಎಷ್ಟು ಆಂಪ್ ಅಂತ ನೋಡಿ. 20 ಆಂಪ್ ಅಂದ್ರೆ 240 ವ್ಯಾಟ್, ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಅದ್ರಲ್ಲೇ ಬದುಕ್ಬೇಕು. ಬದಲಾಯಿಸೋಣ ಅಂದ್ರೆ ಅಲ್ಲೂ ತೊಡಕು, ಕೆಲವು ಡೆಲ್‌ನಲ್ಲಿ ಬೋರ್ಡ್‌ಗೆ ಹೋಗೋದು ಎಂಟು ಪಿನ್, ಕೆಲವು ಎಚ್‌ಪಿಲಿ ಆರು ಪಿನ್, ಸಾಮಾನ್ಯ 24 ಪಿನ್ ಸಪ್ಲೈ ಹಾಕ್ಬೇಕಂದ್ರೆ ಮಧ್ಯೆ ಅಡಾಪ್ಟರ್ ಬೇಕು, ಚಿಕ್ಕ ಕೇಸಲ್ಲಿ ಅದು ಕೂರೋದೂ ಇಲ್ಲ.

ಸಾಟಾ ಪವರ್ ಕೇಬಲ್‌ನಿಂದ ಆರು ಪಿನ್ ಮಾಡೋ ಅಗ್ಗದ ಅಡಾಪ್ಟರ್ ಸಿಗುತ್ತೆ, ಅದನ್ನ ಹಾಕ್ಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ಒಟ್ಟು 4.5 ಆಂಪ್, ಅಂದ್ರೆ 54 ವ್ಯಾಟ್‌ಗೆ ಮಾಡಿರೋದು, ಆರು ಪಿನ್‌ನಿಂದ ಕಾರ್ಡ್ 75 ವ್ಯಾಟ್ ತನಕ ಎಳೀಬೋದು. ಪ್ಲಾಸ್ಟಿಕ್ ಕರಗೋದು ಇಲ್ಲೇ. ಹಾಗೇ ಪವರ್ ಸಪ್ಲೈ ಡಬ್ಬಿನ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ್ಮೇಲೂ ಒಳಗಿನ ಕೆಪಾಸಿಟರಲ್ಲಿ ಹೊಡೆಯುವಷ್ಟು ಕರೆಂಟ್ ಉಳ್ದಿರುತ್ತೆ.

ಸ್ಲಾಟ್‌ನಿಂದಾನೇ 75 ವ್ಯಾಟ್ ತನಕ ಕಾರ್ಡ್‌ಗೆ ಸಿಗುತ್ತೆ, ಆದ್ದರಿಂದ ಹೊರಗಿನ ಕೇಬಲ್ ಬೇಡದ ಕಾರ್ಡ್‌ಗಳೇ ಇಂಥ ಮಿಷಿನ್‌ಗೆ ಸರಿ. ಜಿಟಿಎಕ್ಸ್ 750 ಟಿಐ, 1050 ಟಿಐ, 1650 ಈ ಸಾಲಿನವು. ಇವುಗಳಲ್ಲೂ ಕೆಲವು ಕಂಪನಿ ಮಾಡೆಲ್‌ಗಳಿಗೆ ಆರು ಪಿನ್ ಇಟ್ಟಿರ್ತಾರೆ, ಫೋಟೋ ಸರಿಯಾಗಿ ನೋಡಿ. ಕೇಸ್ ತೆಳು ಇದ್ರೆ ಲೋ ಪ್ರೊಫೈಲ್ ಕಾರ್ಡ್ ಬೇಕು, ಜೊತೆಗೆ ಗಿಡ್ಡ ಬ್ರಾಕೆಟ್ ಬರುತ್ತಾ ಅಂತ ಕೇಳ್ಕೊಳ್ಳಿ. ಎನ್ವಿಡಿಯಾ 750 ಟಿಐಗೂ 10 ಸೀರೀಸ್‌ಗೂ (1050 ಟಿಐ ಇದ್ರಲ್ಲೇ ಬರುತ್ತೆ) ಹೊಸ ಗೇಮ್ ರೆಡಿ ಡ್ರೈವರ್ ಕೊಡೋದನ್ನ 2025ರ ಅಕ್ಟೋಬರಿಗೆ ನಿಲ್ಲಿಸಿ ಬರೀ ಸೆಕ್ಯುರಿಟಿ ಅಪ್‌ಡೇಟ್‌ಗೆ ಇಳಿಸಿದೆ, 1650 ಅದ್ರ ಮುಂದಿನ ತಲೆಮಾರಿನದ್ದು, ಹಾಗಾಗಿ ಎರಡ್ರಲ್ಲಿ ಒಂದು ಅಂದ್ರೆ ನಾನು 1650 ಕಡೆ. ಬರೀ ಎಮ್ಯುಲೇಟರ್ ಸಾಕು ಅನ್ನೋರಿಗೆ 1050 ಟಿಐ ಇನ್ನೂ ಏನೂ ಕಮ್ಮಿ ಇಲ್ಲ.

ಕೈ ಸುಡೋ ಜಾಗಗಳು ಕೆಲವು ಇವೆ. ಜಿಟಿ 1030 ಅಂತ ಒಂದೇ ಹೆಸ್ರಲ್ಲಿ ಎರಡು ಕಾರ್ಡ್ ಬಂದಿವೆ, ಜಿಡಿಡಿಆರ್5 ಇರೋದಕ್ಕೆ ಸೆಕೆಂಡಿಗೆ 48 ಜಿಬಿ ಮೆಮೊರಿ ವೇಗ, ಆಮೇಲೆ ಬಂದ ಡಿಡಿಆರ್4ದಕ್ಕೆ ಬರೀ 16.8, ಡಬ್ಬಿ ಮೇಲೆ ಹೆಸ್ರು ಮಾತ್ರ ಒಂದೇ. ಆರ್‌ಎಕ್ಸ್ 6400 ಕಮ್ಮಿ ಕರೆಂಟ್ ಕುಡಿಯೋ ಒಳ್ಳೇ ಚಿಪ್ಪೇ, ಆದ್ರೆ ಅದು ಪಿಸಿಐ ಎಕ್ಸ್‌ಪ್ರೆಸ್ 4.0ರ ನಾಲ್ಕೇ ಲೇನ್ (ಬೋರ್ಡ್ ಜೊತೆ ಡೇಟಾ ಓಡಾಡೋ ದಾರಿ) ಬಳಸೋದು, ನಿಮ್ಮ ಬೋರ್ಡ್ 3.0 ಅಥವಾ 2.0 ಇದ್ರೆ ಆ ನಾಲ್ಕು ಲೇನೂ ನಿಧಾನ ಆಗಿ, 4 ಜಿಬಿ ಮೆಮೊರಿ ತುಂಬಿದ ತಕ್ಷಣ ಗೇಮ್ ತಡವರಿಸೋಕೆ ಶುರು ಆಗುತ್ತೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್, ಅಂದ್ರೆ ಪ್ರೊಸೆಸರ್‌ಗೆ ಕಾರ್ಡ್ ಮೆಮೊರಿನ ಒಟ್ಟಿಗೆ ಮುಟ್ಟೋಕೆ ಬಿಡೋ ಸೌಲಭ್ಯ, ಬೇಕೇ ಬೇಕು, ಹಳೇ ಬೋರ್ಡಲ್ಲಿ ಅದಿಲ್ಲ, ಅಲ್ಲಿಗೆ ಆ ಮಾತು ಮುಗೀತು. ಇನ್ನು ಮಾನಿಟರ್ ವಿಜಿಎ ಕೇಬಲ್‌ದು ಆಗಿದ್ರೆ ಅದನ್ನೂ ಯೋಚ್ನೆ ಮಾಡಿ, 10 ಸೀರೀಸ್‌ನಿಂದ ಈಚೆಗೆ ಎನ್ವಿಡಿಯಾ ಕಾರ್ಡಲ್ಲಿ ಅನಲಾಗ್ ಔಟ್‌ಪುಟ್ ಇಲ್ಲ, ಚಿಪ್ ಇರೋ ಆಕ್ಟಿವ್ ಕನ್ವರ್ಟರ್ರೇ ಬೇಕು. ಕಾರ್ಡ್ ಹಾಕಿದ್ಮೇಲೆ ಕೇಬಲ್‌ನ ಕಾರ್ಡ್‌ಗೇ ಸಿಕ್ಕಿಸಿ, ಹಳೇ ಅಭ್ಯಾಸದಲ್ಲಿ ಬೋರ್ಡ್ ಪೋರ್ಟಿಗೇ ಬಿಟ್ಟು "ಏನೂ ವ್ಯತ್ಯಾಸ ಇಲ್ಲ" ಅನ್ನೋರು ತುಂಬಾ ಜನ.

ಕಾರ್ಡೇ ಬೇಡ ಅನ್ನೋರಿಗೆ: ಮೂರನೇ, ನಾಲ್ಕನೇ ಜನರೇಶನ್ ಇಂಟೆಲ್ ಒಳಗಿನ ಗ್ರಾಫಿಕ್ಸ್‌ಗೆ ವಿಂಡೋಸಲ್ಲಿ ವಲ್ಕನ್, ಅಂದ್ರೆ ಗೇಮ್ ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡೋ ಒಂದು ವಿಧಾನ, ಇಲ್ಲ. ಪಿಎಸ್1, ಪಿಎಸ್‌ಪಿ ಓಡ್ತವೆ, ಪಿಎಸ್2ನೂ ಡೈರೆಕ್ಟ್3ಡಿ 11ರಲ್ಲಿ ಒರಿಜಿನಲ್ ರೆಸಲ್ಯೂಶನ್‌ಗೆ ಎಷ್ಟೋ ಗೇಮ್ ಆಗುತ್ತೆ, ಆದ್ರೆ ಎನ್64ಗೆ (ನಿಂಟೆಂಡೋ 64) ಪ್ಯಾರಲಲ್-ಆರ್‌ಡಿಪಿ ಥರದ ಗ್ರಾಫಿಕ್ಸ್ ಪ್ಲಗಿನ್‌ಗಳು ವಲ್ಕನ್ ಇಲ್ದೇ ಆಗಲ್ಲ.

ಪ್ರೊಸೆಸರ್ ಬದಲಾಯಿಸೋದು ಯಾವಾಗ

ಅದೇ ಸಾಕೆಟ್‌ಗೆ ಕೂರೋ ದೊಡ್ಡ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಸಿಗ್ತವೆ. ಎಲ್‌ಜಿಎ1155 ಆದ್ರೆ ಎರಡನೇ, ಮೂರನೇ ಜನರೇಶನ್, ಎಲ್‌ಜಿಎ1150 ಆದ್ರೆ ಮುಖ್ಯವಾಗಿ ನಾಲ್ಕನೇದು. ಸಾಕೆಟ್ ಒಂದೇ ಇದ್ರೆ ಸಾಲಲ್ಲ, ಚಿಪ್‌ಸೆಟ್ ಕೂಡ ಒಪ್ಪಬೇಕು: ಕ್ಯೂ67 ಬೋರ್ಡ್‌ಗೆ ಮೂರನೇ ಜನರೇಶನ್ ಅಧಿಕೃತವಾಗಿ ಇಲ್ಲ, ಎಚ್61ಗೆ ಇದೆ ಆದ್ರೆ ಬಯೋಸ್ ಅಪ್‌ಡೇಟ್ ಬೇಕಾಗ್ಬೋದು. ಎಂಟನೇ ಜನರೇಶನ್ ಎಲ್‌ಜಿಎ1151 ಅಂತಾನೇ ಇದ್ರೂ ಆರು, ಏಳನೇ ಜನರೇಶನ್ ಬೋರ್ಡಲ್ಲಿ ಓಡಲ್ಲ. ಬಯೋಸ್ ಅಪ್‌ಡೇಟ್‌ನ ಹಳೇ ಪ್ರೊಸೆಸರ್ ಇರೋವಾಗ್ಲೇ ಮಾಡಿ, ಮಾಡೋವಾಗ ಕರೆಂಟ್ ಹೋದ್ರೆ ಬೋರ್ಡ್ ಸತ್ತಂಗೇ.

ಐ3ಯಿಂದ ಐ7ಗೆ ಹೋದ್ರೆ ಎರಡು ಕೋರ್ ನಾಲ್ಕಾಗುತ್ತೆ, ಈಚಿನ ಪಿಸಿ ಗೇಮ್‌ಗಳಿಗೆ ಅದು ನಿಜವಾದ ಬದಲಾವಣೆ. ಆದ್ರೆ ಐ5-4570ಯಿಂದ ಐ7-4770ಗೆ ಹೋಗೋದ್ರಲ್ಲಿ ಎಮ್ಯುಲೇಶನ್‌ಗೆ ಸಿಗೋದು ಬಹಳ ಕಮ್ಮಿ, ಟರ್ಬೋ (ಅತಿ ಹೆಚ್ಚಿನ ಸ್ಪೀಡ್) 3.6 ಗಿಗಾಹರ್ಟ್ಸ್ ಇದ್ದಿದ್ದು 3.9 ಆಗುತ್ತೆ, ಜಾಸ್ತಿ ಬರೋ ಥ್ರೆಡ್‌ಗಳನ್ನ ಪಿಎಸ್2 ಎಮ್ಯುಲೇಟರ್ ತಿರುಗಿ ಸಹ ನೋಡಲ್ಲ. ಹಳೇ ಸರ್ವರ್ ಜಿಯಾನ್, ಹತ್ತು ಹನ್ನೆರಡು ಕೋರ್, ಅಗ್ಗ ಅಂತ ಕಿಟ್‌ಗಳು ಬರ್ತವಲ್ಲ, ಅದ್ರ ಗಿಗಾಹರ್ಟ್ಸ್ ನೋಡಿ, ಕಮ್ಮಿ ಇದ್ರೆ ನಮ್ಮ ಕೆಲಸಕ್ಕಲ್ಲ. ಎಎಂಡಿ ಎಫ್‌ಎಕ್ಸ್ ಸೀರೀಸ್‌ದೂ ಇದೇ ಕಥೆ, ಎಂಟು ಕೋರ್ ಅಂತ ಹೆಸ್ರು, ಒಂದೊಂದು ಕೋರ್ ಬಡಕಲು.

ನಿಜವಾದ ಅದೃಷ್ಟವಂತರು ಎಎಂ4 ಬೋರ್ಡ್ ಇರೋರು. 2017ರಲ್ಲಿ ಮೊದಲ್ನೇ ರೈಜೆನ್ ಜೊತೆ ತಗೊಂಡ ಬಿ350 ಬೋರ್ಡ್‌ಗೂ, ಕಂಪನಿ ಬಯೋಸ್ ಕೊಟ್ಟಿದ್ರೆ, ರೈಜೆನ್ 5 5600 ಕೂರುತ್ತೆ, 2022ರ 5800ಎಕ್ಸ್3ಡಿ ಕೂಡ ಕೂರುತ್ತೆ. ಸಿಂಗಲ್ ಕೋರ್ ವೇಗದಲ್ಲಿ ಅದು ದೊಡ್ಡ ಜಿಗಿತ, ಪಿಎಸ್3 ತನಕ ದಾರಿ ತೆರೆಯುತ್ತೆ, ಬೋರ್ಡ್ ರ‍್ಯಾಮ್ ಎರಡೂ ಹಳೇವೇ ನಡೆಯುತ್ತೆ. ಇಂಟೆಲ್ ನಾಲ್ಕನೇ ಜನರೇಶನ್‌ನ ಐ7 ಹಾಕಿದ್ಮೇಲೂ ಇಇ 99 ತೋರಿಸ್ತಿದ್ರೆ ಅಲ್ಲಿಗೆ ಆ ಬೋರ್ಡಿನ ಆಯಸ್ಸು ಅಷ್ಟೇ, ಇನ್ನೊಂದು ರೂಪಾಯಿ ಹಾಕೋ ಬದ್ಲು ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಾಯಿಸೋಕೆ ಕೂಡಿಡಿ.

ಓಎಸ್

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಅಧಿಕೃತವಾಗಿ ಇಂಟೆಲ್ ಎಂಟನೇ ಜನರೇಶನ್‌ನಿಂದ ಮೇಲೆ, ಟಿಪಿಎಂ 2.0 (ಒಂದು ಸೆಕ್ಯುರಿಟಿ ಚಿಪ್) ಇದ್ರೆ ಮಾತ್ರ. ಪಿಸಿ ಗೇಮ್ ಮಾರೋ ಸ್ಟೀಮ್ ವಿಂಡೋಸ್ 7, 8ನ 2024ರ ಜನವರಿ 1ಕ್ಕೇ ಕೈಬಿಟ್ಟಿದೆ. ಹಾಗಾಗಿ ಹಳೇ ಮಿಷಿನ್‌ಗೆ ಲಿನಕ್ಸ್ ಮಿಂಟ್ ಅನ್ನೋ ಫ್ರೀ ಓಎಸ್ ಹಾಕೋದು ಈಗ ಬರೀ ಹವ್ಯಾಸ ಅಲ್ಲ, ಸ್ಟೀಮ್‌ನ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್‌ನಿಂದ ಬಹಳಷ್ಟು ವಿಂಡೋಸ್ ಗೇಮ್ ಓಡ್ತವೆ, ವ್ಯಾಲೊರಂಟ್ ಥರ ಆಂಟಿ-ಚೀಟ್ ಬಿಗಿ ಇರೋವು ಓಡಲ್ಲ. ಬರೀ ಎಮ್ಯುಲೇಶನ್‌ಗೆ ಅಂದ್ರೆ ಬಟೊಸೆರಾ ಅನ್ನೋ, ಎಮ್ಯುಲೇಟರ್‌ಗಳಿಗಂತಾನೇ ಮಾಡಿರೋ ಓಎಸ್‌ನ ಪೆನ್‌ಡ್ರೈವ್‌ಗೆ ಬರೆದು ಅದ್ರಿಂದಾನೇ ಬೂಟ್ ಮಾಡಿ ನೋಡಿ, ಒಳಗಿನ ಡಿಸ್ಕ್ ಮುಟ್ಟೋದೇ ಬೇಡ, ಇಷ್ಟ ಆಗ್ಲಿಲ್ಲ ಅಂದ್ರೆ ಪೆನ್‌ಡ್ರೈವ್ ಕಿತ್ರೆ ಆಯ್ತು.

ಎಮ್ಯುಲೇಟರ್ ಸೆಟ್ಟಿಂಗ್

ಹಾರ್ಡ್‌ವೇರ್‌ಗೆ ಖರ್ಚು ಮಾಡಿದ್ದಕ್ಕಿಂತ ಕೆಲವು ಸಲ ಇಲ್ಲೇ ಜಾಸ್ತಿ ಸಿಗುತ್ತೆ. ಮೊದ್ಲು ರೆಸಲ್ಯೂಶನ್: ನಿಮ್ಮ ಮಾನಿಟರ್ 1366×768 ಆಗಿದ್ರೆ ಡಾಲ್ಫಿನ್‌ನಲ್ಲಿ, ಅಂದ್ರೆ ಗೇಮ್‌ಕ್ಯೂಬ್ ಮತ್ತು ವೀ ಎಮ್ಯುಲೇಟರಲ್ಲಿ, 2ಎಕ್ಸ್ ಸಾಕು, ಅದು 1280×1056. 1080ಪಿ ಮಾನಿಟರಿಗೆ 3ಎಕ್ಸ್. ಅದ್ರ ಮೇಲೆ 6ಎಕ್ಸ್, 8ಎಕ್ಸ್ ಇಟ್ಕೊಂಡು ಎಳೀತಿದೆ ಅಂತ ಗೊಣಗೋದು ವ್ಯರ್ಥ.

ಡಾಲ್ಫಿನ್‌ನಲ್ಲಿ ಹೊಸ ಜಾಗಕ್ಕೆ ಹೋದಾಗ, ಹೊಸ ಎಫೆಕ್ಟ್ ಬಂದಾಗ ಒಂದು ಕ್ಷಣ ಗಕ್ ಅಂತ ನಿಲ್ಲುತ್ತಲ್ಲ, ಅದು ಸ್ಪೀಡ್ ಸಾಲ್ದೇ ಅಲ್ಲ, ಶೇಡರ್ ಕಂಪೈಲ್ ಆಗೋವರೆಗೂ ಕಾಯ್ತಾ ಇರುತ್ತೆ. ಇದಕ್ಕಂತಾನೇ 2017ರಲ್ಲಿ ಉಬರ್‌ಶೇಡರ್ ತಂದ್ರು. ಗ್ರಾಫಿಕ್ಸ್ ಸೆಟ್ಟಿಂಗ್ಸಲ್ಲಿ ಹೈಬ್ರಿಡ್ ಉಬರ್‌ಶೇಡರ್ಸ್ ಆರಿಸಿ, 1050 ಟಿಐ ಮಟ್ಟದ ಕಾರ್ಡ್‌ಗೆ ಅದು ಸಾಮಾನ್ಯವಾಗಿ ಹೊರೆ ಆಗಲ್ಲ. ಒಳಗಿನ ಇಂಟೆಲ್ ಗ್ರಾಫಿಕ್ಸ್ ಆದ್ರೆ ಅದು ಬೇಡ, ಗೇಮ್ ಶುರು ಆಗೋ ಮುಂಚೆ ಶೇಡರ್ ಕಂಪೈಲ್ ಮಾಡೋ ಆಯ್ಕೆ ಟಿಕ್ ಮಾಡಿ, ನೀವು ಆಡ್ತಾ ಆಡ್ತಾ ಕ್ಯಾಶ್ ತುಂಬಿದಂಗೆ ಗಕ್ ಅನ್ನೋದು ಕಮ್ಮಿ ಆಗುತ್ತೆ.

ಪಿಸಿಎಸ್‌ಎಕ್ಸ್2ನಲ್ಲಿ ಮೂರಕ್ಕಿಂತ ಜಾಸ್ತಿ ಕೋರ್ ಇದ್ರೆ ಎಂಟಿವಿಯು ಆನ್ ಇರ್ಲಿ, ಎರಡನೇ ವೆಕ್ಟರ್ ಯೂನಿಟ್ ಕೆಲಸಾನ ಬೇರೆ ಥ್ರೆಡ್‌ಗೆ ಕೊಡುತ್ತೆ. ಇಇ ಸೈಕಲ್ ರೇಟ್ ಒಂದು ಹೆಜ್ಜೆ ಇಳಿಸಿದ್ರೆ ಕೆಲವು ಗೇಮ್ ಉಸಿರಾಡ್ತವೆ, ಸೈಕಲ್ ಸ್ಕಿಪ್ ಮಾತ್ರ ಮುಟ್ಟಬೇಡಿ, ಸ್ಪೀಡ್ 100 ಅಂತ ತೋರಿಸ್ತಾ ಗೇಮ್ ಒಳಗೇ ಫ್ರೇಮ್ ಬಿಟ್ಕೊಂಡು ಕಣ್ಣಿಗೆ ಕುಂಟುತ್ತೆ. ಇಂಥದ್ದನ್ನೆಲ್ಲಾ ಆ ಗೇಮ್‌ನ ಪ್ರಾಪರ್ಟೀಸಲ್ಲಿ ಮಾಡಿ, ಎಲ್ಲಾ ಗೇಮಿಗೂ ಒಟ್ಟಿಗೆ ಮಾಡಿದ್ರೆ ಚೆನ್ನಾಗಿ ಓಡ್ತಿದ್ದಿದ್ದೂ ಕೆಡುತ್ತೆ. ರೆಟ್ರೋಆರ್ಚ್‌ನಲ್ಲಿ (ಬಹಳಷ್ಟು ಎಮ್ಯುಲೇಟರ್‌ಗಳನ್ನ ಒಂದೇ ಕಡೆ ಓಡಿಸೋ ಸಾಫ್ಟ್‌ವೇರ್) ಬಟನ್ ಒತ್ತಿದ್ದು ಬೇಗ ಕಾಣಂಗೆ ಮಾಡೋ ರನ್-ಅಹೆಡ್ ಪ್ರೊಸೆಸರ್ ತಿನ್ನುತ್ತೆ, ಹಳೇ ಮಿಷಿನಲ್ಲಿ ಆಫ್. ಎಸ್‌ಎನ್‌ಇಎಸ್‌ಗೆ ಬಿಎಸ್‌ನೆಸ್ ಎಮ್ಯುಲೇಟರ್ ಎಳೆದ್ರೆ ಸ್ನೆಸ್9ಎಕ್ಸ್ ಹಾಕಿ, ಆಡೋವಾಗ ವ್ಯತ್ಯಾಸ ಗೊತ್ತೇ ಆಗಲ್ಲ. ಪಾಲ್ (ಯುರೋಪಿನ ಟಿವಿ ಪದ್ಧತಿ) ಆವೃತ್ತಿಯ ಗೇಮ್‌ಗಳು ಹುಟ್ಟಿನಿಂದಾನೇ 50 ಹರ್ಟ್ಸ್, 50 ಎಫ್‌ಪಿಎಸ್ ತೋರಿಸಿದ್ರೆ ಪಿಸಿ ಬೈಬೇಡಿ.

ಪಿಎಸ್1, ಪಿಎಸ್2ಗೆ ಬಯೋಸ್ ಫೈಲ್ (ಕನ್ಸೋಲ್‌ದು, ಬೋರ್ಡ್‌ದಲ್ಲ) ಬೇಕು, ನಿಮ್ಮದೇ ಕನ್ಸೋಲ್‌ನಿಂದ ತೆಗ್ದಿದ್ದು ಬಳಸಿ, ಡಾಲ್ಫಿನ್‌ಗೂ ಪಿಎಸ್‌ಪಿ ಎಮ್ಯುಲೇಟರ್ ಪಿಪಿಎಸ್‌ಎಸ್‌ಪಿಪಿಗೂ ಅದು ಬೇಡ. ನಿಮ್ಮ ಹತ್ರ ಇರೋ ಪಿಎಸ್2 ಡಿಸ್ಕ್‌ನ ಪಿಸಿ ಡಿವಿಡಿ ಡ್ರೈವ್ ಓದುತ್ತೆ, ಇಮ್ಜ್‌ಬರ್ನ್‌ನಲ್ಲಿ ಐಎಸ್‌ಓ (ಡಿಸ್ಕ್‌ನ ಪೂರ್ತಿ ಕಾಪಿ ಇರೋ ಫೈಲ್) ಮಾಡ್ಕೊಳ್ಳಿ. ಗೇಮ್‌ಕ್ಯೂಬ್, ವೀ ಡಿಸ್ಕ್‌ನ ಸಾಮಾನ್ಯ ಡ್ರೈವ್ ಓದಲ್ಲ, ಅದಕ್ಕೆ ವೀ ಕನ್ಸೋಲ್‌ನಲ್ಲೇ ಕ್ಲೀನ್‌ರಿಪ್ ಅನ್ನೋ ಸಾಫ್ಟ್‌ವೇರ್ ಓಡಿಸ್ಬೇಕು. ಜಾಗ ಉಳಿಸೋಕೆ ಪಿಎಸ್1, ಪಿಎಸ್2ನ ಕುಗ್ಗಿಸಿದ ಸಿಎಚ್‌ಡಿ ಫೈಲ್ ಮಾಡಿ, ಗೇಮ್‌ಕ್ಯೂಬ್‌ನ ಆರ್‌ವಿಜೆಡ್ ಮಾಡಿ, ಎರಡೂ ಒಂದು ಬಿಟ್ಟೂ ಕಳ್ಕೊಳ್ಳಲ್ಲ.

ಇಷ್ಟೆಲ್ಲಾ ಆದ್ಮೇಲೆ ಒಂದು ಭಾರೀ ಗೇಮ್‌ನ ಗಂಟೆ ಹೊತ್ತು ಓಡಿಸಿ ಎಚ್‌ಡಬ್ಲ್ಯೂಇನ್ಫೋದಲ್ಲಿ ಅತಿ ಹೆಚ್ಚು ಟೆಂಪರೇಚರ್ ಎಷ್ಟಕ್ಕೆ ಹೋಗಿತ್ತು ನೋಡಿ, ಪ್ರೊಸೆಸರ್ 80 ಒಳಗೆ ಇದ್ರೆ ನಿಶ್ಚಿಂತೆ. ಗೇಮ್ ಮಧ್ಯೆ ಪಿಸಿ ಪಟ್ ಅಂತ ಆಫ್ ಆದ್ರೆ ಪವರ್ ಸಪ್ಲೈ ಮೇಲೆ ಮೊದಲ್ನೇ ಅನುಮಾನ ಪಡಿ, ಬಣ್ಣ ಬಣ್ಣದ ಚುಕ್ಕಿ ಗೆರೆ ಬಂದ್ರೆ ಕಾರ್ಡ್ ಮೇಲೆ, ಸುಮ್ಸುಮ್ನೆ ಬ್ಲೂ ಸ್ಕ್ರೀನ್ ಬಂದ್ರೆ ರ‍್ಯಾಮ್ ಮೇಲೆ. ಮತ್ತೆ ಸೇವ್ ಸ್ಟೇಟ್ (ಎಮ್ಯುಲೇಟರ್ ಆ ಕ್ಷಣಾನೇ ಉಳಿಸಿಡೋದು) ನಂಬ್ಕೊಂಡು ನಲವತ್ತು ಗಂಟೆ ಗೇಮ್ ಆಡ್ಬೇಡಿ, ಎಮ್ಯುಲೇಟರ್ ಅಪ್‌ಡೇಟ್ ಆದ್ರೆ ಹಳೇ ಸ್ಟೇಟ್ ತೆರೆಯದೇ ಇರ್ಬೋದು, ಗೇಮ್ ಒಳಗಿನ ಮೆಮೊರಿ ಕಾರ್ಡ್ ಸೇವ್ ಆವಾಗಾವಾಗ ಮಾಡಿ, ಆ ಮೆಮೊರಿ ಕಾರ್ಡ್ ಫೈಲ್‌ದು ಒಂದು ಕಾಪಿ ಬೇರೆ ಡಿಸ್ಕಲ್ಲಿ ಇಟ್ಕೊಳ್ಳಿ.